ಪೀರ್ ಸಾಬರ ಮನೆಯಲ್ಲಿರುವಂಥದ್ದು

ಬುಧವಾರ ಮತ್ತು ಶನಿವಾರ ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ತರುತ್ತಿದ್ದ ರೈತರು ನಂಜುಂಡಪ್ಪನವರ ಮಂಡಿಯಲ್ಲಿ ಮೂಟೆ ಇಳಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಗುಮಾಸ್ತ ಶ್ರೀರಂಗಯ್ಯನವರ ಮೇಜಿನ ಮುಂದೆ ಬಂದು ಕೂರುತ್ತಿದ್ದರು. ಅವರ ಮೊದಲ ಪ್ರಶ್ನೆ ಕೊಬ್ಬರಿಯ ಧಾರಣೆಯದಾಗಿರುತ್ತಿರಲಿಲ್ಲ.

“ನಮ್ ಹೈದ ಹೆಂಗವ್ನೆ ಗುಮಾಸ್ತ್ರೇ?”

ಶ್ರೀರಂಗಯ್ಯ ಕನ್ನಡಕವನ್ನು ಹಣೆಗೇರಿಸಿ ಹೇಳುತ್ತಿದ್ದರು. ಸಂಪಿಗೆಯ ಹುಡುಗ ಸೋಮವಾರ ಮ್ಯಾಟಿನಿಗೆ ಹೋಗಿದ್ದ, ಮಂಗಳವಾರ ಹೋಗಲಿಲ್ಲ. ದಂಡಿನಶಿವರದವನು ಆನೆ ಕಾಲಿನಂಥ ಪ್ಯಾಂಟು ಹೊಲಿಸಿಕೊಂಡಿದ್ದಾನೆ, ಆದರೆ ಕೈಯಲ್ಲಿ ಪುಸ್ತಕ ಇರುತ್ತದೆ. ತುರುವೇಕೆರೆ ಕಡೆಯ ಇಬ್ಬರು ಬಸ್ ಸ್ಟ್ಯಾಂಡಿನ ಹಿಂದೆ ಬೀಡಿ ಸೇದುವುದನ್ನು ತಾವು ಕಣ್ಣಾರೆ ಕಂಡಿಲ್ಲ, ಹೊಗೆಯನ್ನು ಮಾತ್ರ ಕಂಡಿದ್ದಾರೆ. ಮಂಡಿ ಇದ್ದದ್ದು ಬಸ್ ಸ್ಟ್ಯಾಂಡಿನಿಂದ ಕಾಲೇಜಿಗೆ ಹೋಗುವ ರಸ್ತೆಯಲ್ಲಿ. ಮೇಜು ಇದ್ದದ್ದು ಬಾಗಿಲಿನ ಪಕ್ಕದಲ್ಲಿ. ಶ್ರೀರಂಗಯ್ಯ ಯಾರ ಹಿಂದೆಯೂ ಬಿದ್ದು ನೋಡಿದವರಲ್ಲ. ಕಣ್ಣಿಗೆ ಬಿದ್ದದ್ದನ್ನು, ಒಂದಕ್ಕೆ ಒಂದು ಸೇರಿಸದೆ, ಒಂದನ್ನೂ ಕಡಿಮೆ ಮಾಡದೆ ಒಪ್ಪಿಸುತ್ತಿದ್ದರು. ಮನೆ ಬಿಟ್ಟು ಬಂದ ಮಕ್ಕಳಿಗೆ ಊರು ಮಾಡಬಹುದಾದ ಉಪಕಾರ ಇದಕ್ಕಿಂತ ಇನ್ನೇನಿದೆ ಎಂದು ಅವರ ನಂಬಿಕೆ.

ಆ ಕಾಲೇಜು ಶುರುವಾಗಿ ಆಗ, ಎಪ್ಪತ್ತೊಂಬತ್ತರಲ್ಲಿ, ಎರಡು ವರ್ಷ ತುಂಬಿತ್ತು. ಊರಿನ ಕೆಲವು ಮಹನೀಯರು ಸೇರಿ ಪಾಳು ಬಿದ್ದಿದ್ದ ಕೊಬ್ಬರಿ ಗೋಡೌನೊಂದರಲ್ಲಿ ಅದನ್ನು ತೆರೆದಿದ್ದರು. ಗೋಡೆಗೆ ಸುಣ್ಣ ಬಳಿಸಿ, ಬೋರ್ಡು ಹಾಕಿಸಿ, ಬೆಂಚು ತರಿಸಿ, ಬಿ.ಎ., ಬಿ.ಕಾಂ. ಎಂದು ಎರಡು ಭಾಗ ಮಾಡಿ ನಡುವೆ ತಡಿಕೆ ಕಟ್ಟಿದ್ದರು. ಅರ್ಥಶಾಸ್ತ್ರದ ಪಾಠ ಅಕೌಂಟೆನ್ಸಿಯವರಿಗೂ ಕೇಳಿಸುತ್ತಿತ್ತು. ಕೊಬ್ಬರಿಗೆ ಏನೇನು ಬೇಕಾಗಿಲ್ಲವೋ ಅದ್ಯಾವುದೂ ಆ ಕಟ್ಟಡದಲ್ಲಿ ಇರಲಿಲ್ಲ.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕೆಂಕೆರೆಯ ಹುಚ್ಚಣ್ಣ ತನ್ನ ಮಗಳು ಹೊಂಬಾಳಮ್ಮನನ್ನು ಅಲ್ಲಿಗೆ ಸೇರಿಸಿದಾಗ ಅವರ ಕಡೆಯಲ್ಲಿ ಮೂರು ದಿನ ಅದೇ ಮಾತಾಗಿತ್ತು. ಹೆಣ್ಣುಮಗಳನ್ನು ಬಿ.ಎ. ಓದಿಸಲು ಅಷ್ಟು ದೂರ ಕಳಿಸಿದವರು ಆ ಊರಲ್ಲಿ ಯಾರೂ ಇರಲಿಲ್ಲ. ಹುಚ್ಚಣ್ಣ ಮಗಳನ್ನು ತಿಪಟೂರಿನ ಇನ್ನೊಂದು ತುದಿಯಲ್ಲಿದ್ದ ದೂರದ ಸಂಬಂಧದ ಅತ್ತೆ ರಂಗಕ್ಕನ ಮನೆಯಲ್ಲಿ ಬಿಟ್ಟು, ನೇರ ಮಂಡಿಗೆ ಬಂದು, ಶ್ರೀರಂಗಯ್ಯನವರ ಮೇಜಿನ ಮೇಲೆ ಎರಡೂ ಅಂಗೈ ಊರಿ ನಿಂತಿದ್ದ.

“ನಿಮ್ ಮಾತಿನ್ ಮ್ಯಾಲೆ ಬುಟ್ಟೋಯ್ತಾ ಇವ್ನಿ ಸ್ವಾಮಿ. ಅವ್ಳು ಓದ್ತಾಳೆ, ಅದ್ರಾಗೆ ಅನುಮಾನ ಇಲ್ಲ. ಆದ್ರೆ ಏನಾರ ಒಂದು ಹೆಚ್ಚುಕಮ್ಮಿ ಕಂಡ್ರೆ ನಂಗೇಳ್ಬೇಕು. ಅವತ್ತೇ ಕರ್ಕೊಂಡೋಗ್ತೀನಿ. ಎರಡ್ನೇ ಮಾತಿಲ್ಲ.”

“ಆಗ್ಲಿ ಹುಚ್ಚಣ್ಣ” ಎಂದಿದ್ದರು ಶ್ರೀರಂಗಯ್ಯ. ಅಂದಿನಿಂದ ಹೊಂಬಾಳಮ್ಮ ತಲೆ ಬಗ್ಗಿಸಿ ನಡೆಯುತ್ತಾಳೆ, ಒಬ್ಬಳೇ ನಡೆಯುವುದಿಲ್ಲ, ಹೋಟೆಲಿಗೆ ಕಾಲಿಟ್ಟಿಲ್ಲ ಎಂದು ಪ್ರತಿ ಶನಿವಾರ ಹೇಳುತ್ತ ಬಂದಿದ್ದರು.

ಆ ವರ್ಷ ಜೂನ್‌ನಲ್ಲಿ ಕಾಲೇಜಿಗೆ ಸೇರುವವರು ಕಡಿಮೆಯಾದರು. ಹಾಸನಕ್ಕೋ ತುಮಕೂರಿಗೋ ಹೋಗುತ್ತಿದ್ದಾರೆ ಎಂದು ಸುದ್ದಿಯಾಯಿತು. ರೂಮು ಬಾಡಿಗೆ ಕೊಟ್ಟವರು, ಊಟದ ಮೆಸ್ಸಿನವರು, ಸೈಕಲ್ ಶಾಪಿನವರು ಎಲ್ಲರೂ ಒಟ್ಟಿಗೆ ವಿದ್ಯೆಯ ಬಗ್ಗೆ ಚಿಂತಿಸತೊಡಗಿದರು. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ ‘ವಿದ್ಯಾರ್ಥಿ ಹಿತಚಿಂತಕ ಮಂಡಳಿ’ ಹುಟ್ಟಿತು. ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೆ ಶ್ರೀರಂಗಯ್ಯ ಕಾರ್ಯದರ್ಶಿಯಾದರು.

ಮೊದಲ ಸಭೆಗೆ ವಿದ್ಯಾರ್ಥಿಗಳನ್ನೇ ಕರೆದು, ಉಪ್ಪಿಟ್ಟು ಕೊಟ್ಟು, ನಮ್ಮ ಊರಲ್ಲಿ ನಿಮಗೆ ಏನು ಕೊರತೆ ಎಂದು ಕೇಳಿದರು. ಉಪ್ಪಿಟ್ಟು ಖಾಲಿಯಾಯಿತು. ಕೊರತೆ ಒಂದೂ ಬರಲಿಲ್ಲ. ಎಲ್ಲ ಚೆನ್ನಾಗಿದೆ ಸಾರ್ ಎಂದು ಎದುರಿನ ಸಾಲಿನವರು ಹೇಳಿದರು, ಹಿಂದಿನ ಸಾಲಿನವರು ತಲೆಯಾಡಿಸಿದರು. ಎಲ್ಲರೂ ಮಾತಾಡುವಾಗ ಯಾಕೋ ಶ್ರೀರಂಗಯ್ಯನವರ ಕಡೆಗೇ ನೋಡುತ್ತಿದ್ದರು. ತಾವು ಬರೆದುಕೊಳ್ಳುತ್ತಿರುವುದರಿಂದ ಇರಬೇಕು ಎಂದುಕೊಂಡು ಅವರು ಇನ್ನಷ್ಟು ಮುತುವರ್ಜಿಯಿಂದ ಬರೆದರು.

“ಎದುರೆದುರು ಕೇಳಿದ್ರೆ ಯಾವ ರೇಟೂ ಹೊರಗೆ ಬರಲ್ಲ ಕಣ್ರೀ” ಎಂದರು ನಂಜುಂಡಪ್ಪ, ಸಭೆ ಚದುರಿದ ಮೇಲೆ. “ಟೆಂಡರ್ ಇಟ್ಬುಡಿ.”

ಕೊಬ್ಬರಿಯ ವ್ಯಾಪಾರ ಆ ಊರಿನಲ್ಲಿ ನಡೆಯುತ್ತಿದ್ದದ್ದು ಹಾಗೆಯೇ. ರಾಶಿ ನೋಡಿದ ಖರೀದಿದಾರರು ತಮ್ಮ ರೇಟನ್ನು ಚೀಟಿಯಲ್ಲಿ ಬರೆದು, ಯಾರಿಗೂ ತೋರಿಸದೆ ಪೆಟ್ಟಿಗೆಗೆ ಹಾಕುವುದು. ಹೇಳಿದ ಹೊತ್ತಿಗೆ ಪೆಟ್ಟಿಗೆ ತೆರೆದು, ಗಟ್ಟಿಯಾಗಿ ಓದಿ, ಹೆಚ್ಚು ಬರೆದವನಿಗೆ ಮಾಲು ಕೊಡುವುದು. ಮನುಷ್ಯನ ಮನಸ್ಸಿನಲ್ಲಿರುವುದನ್ನು ಈಚೆಗೆ ತೆಗೆಯಲು ಇದಕ್ಕಿಂತ ಒಳ್ಳೆಯ ಉಪಾಯ ಯಾವುದೂ ಇಲ್ಲವೆಂದು ಮಂಡಳಿ ಒಪ್ಪಿತು. ಮಂಡಿಯ ಹಳೆಯ ಟೆಂಡರ್ ಪೆಟ್ಟಿಗೆಗೆ ಬೀಗ ಜಡಿದು, ಅರಗು ಒತ್ತಿ, ಮೂರು ದಿನ ಕಾಲೇಜಿನ ಬಾಗಿಲಲ್ಲಿ ಇಟ್ಟರು. ಹೆಸರು ಬೇಡ, ಬೇಕಾದದ್ದು ಬರೆದು ಹಾಕಿ ಎಂದು ನೋಟೀಸು.

ಗುರುವಾರ ಸಂಜೆ ಐದಕ್ಕೆ ಮಂಡಿಯಲ್ಲಿ ಪೆಟ್ಟಿಗೆ ತೆರೆದಾಗ ಒಳಗೆ ಮೂವತ್ತೊಂದು ಚೀಟಿ ಇದ್ದವು. ನಂಜುಂಡಪ್ಪ ಎಂದಿನ ಹಾಗೆ ಕಣ್ಣು ಮುಚ್ಚಿ ಗೋಡೆಗೆ ಒರಗಿದರು. ಶ್ರೀರಂಗಯ್ಯ ಎಂದಿನ ಹಾಗೆ ಗಂಟಲು ಸರಿಮಾಡಿಕೊಂಡು ಓದಲು ಶುರುಮಾಡಿದರು.

“ಬೆಳಿಗ್ಗೆ ಹುಳಿಯಾರಿನಿಂದ ಬರುವ ಬಸ್ಸು ಒಂದು ಗಂಟೆ ಮುಂಚೆ ಹೊರಡಬೇಕು.”

“ಹೂಂ. ಮುಂದೆ.”

“ನಮ್ಮ ರೂಮಿನ ಅಟ್ಟದ ಮೇಲೆ ಓನರು ಆರು ಸಾವಿರ ಕಾಯಿ ಹಾಕಿದ್ದಾರೆ. ಇಲಿಗಳು ಅವನ್ನು ಉರುಳಿಸುತ್ತವೆ. ಓದಲು ಆಗುವುದಿಲ್ಲ, ಮಲಗಲೂ ಆಗುವುದಿಲ್ಲ.”

ಮಂಡಳಿಯ ಸದಸ್ಯ ಏಕಾಂತಯ್ಯನವರು, “ಆರಲ್ಲ, ಐದೂವರೆ” ಎಂದು ಹೇಳಿ, ಹೇಳಿದ್ದಕ್ಕೆ ಪೇಚಾಡಿಕೊಂಡರು.

ಮೂರನೆಯ ಚೀಟಿಯನ್ನು ಶ್ರೀರಂಗಯ್ಯ ಬಿಡಿಸಿದರು. ಟೆಂಡರ್ ಚೀಟಿಯನ್ನು ಇಪ್ಪತ್ತೆರಡು ವರ್ಷ ಓದಿದ ನಾಲಿಗೆ ಅದು. ಅರ್ಥವಾಗುವ ಮೊದಲೇ ಓದಿ ಮುಗಿಸುವುದು ಅದಕ್ಕೆ ರೂಢಿ. “ಮಂಡಿಯ ಗುಮಾಸ್ತರು ನಮ್ಮ ಸುದ್ದಿಯನ್ನು ನಮ್ಮ ಊರಿಗೆ ಕಳಿಸುವುದನ್ನು ನಿಲ್ಲಿಸಬೇಕು.”

ಅವರು ನಾಲ್ಕನೆಯದನ್ನು ಬಿಡಿಸಿದರು. ಅದರಲ್ಲೂ ಅದೇ ಇತ್ತು, ಅಕ್ಷರ ಮಾತ್ರ ಬೇರೆ. ಐದನೆಯದು ರೂಮಿನ ಬಾಡಿಗೆಯ ಮಾತು. ಆರನೆಯದು ಮತ್ತೆ ಗುಮಾಸ್ತರದು: ‘ಕ್ಷೌರ ಮಾಡಿಸಿದರೂ ಅಪ್ಪನಿಗೆ ಗೊತ್ತಾಗುತ್ತದೆ, ಮಾಡಿಸದಿದ್ದರೂ ಗೊತ್ತಾಗುತ್ತದೆ.’ ಲೆಕ್ಕ ಹಾಕಿದಾಗ ಅಂಥವು ಹನ್ನೊಂದಾದವು.

ನಂಜುಂಡಪ್ಪ ಕಣ್ಣು ಬಿಟ್ಟರು. “ಹನ್ನೊಂದು. ಇದೇ ಹೈಯೆಸ್ಟು. ಟೆಂಡರ್ ನಿಮಗೇ ಆಗೋಯ್ತಲ್ರೀ ಶ್ರೀರಂಗಯ್ಯ.”

ಎಲ್ಲರೂ ನಕ್ಕರು. ಶ್ರೀರಂಗಯ್ಯನವರೂ ನಕ್ಕರು. ನಗುತ್ತಲೇ, ತಾವು ಏನು ತಪ್ಪು ಮಾಡಿದೆವೆಂದು ಹುಡುಕಿದರು. ಒಂದು ಸುಳ್ಳನ್ನೂ ಅವರು ಯಾವತ್ತೂ ಹೇಳಿರಲಿಲ್ಲ.

ಇನ್ನು ಒಂಬತ್ತು ಚೀಟಿಗಳು ಉಳಿದಿದ್ದವು. ಒಂಬತ್ತೂ ಗೆರೆ ಎಳೆದ ನೋಟ್‌ಬುಕ್ಕಿನ ಹಾಳೆಗಳು, ಗುಂಡುಗುಂಡಾದ ಅಕ್ಷರ. ಒಂಬತ್ತರಲ್ಲೂ ಒಂದೇ ಮಾತು: ‘ಪೀರ್ ಸಾಬರ ಮನೆಯಲ್ಲಿರುವಂಥದ್ದು ಕಾಲೇಜಿನ ಹತ್ತಿರ ಇನ್ನೆರಡು ಬೇಕು.’

“ಹೆಣ್ಮಕ್ಳು ಬರ್ದಿರೋದು” ಎಂದರು ಏಕಾಂತಯ್ಯ. “ಕಾಲೇಜಲ್ಲಿ ಒಂಬತ್ತೇ ಜನ ಹೆಣ್ಮಕ್ಳಿರೋದು.”

“ಏನಿದೆ ಪೀರ್ ಸಾಬರ ಮನೇಲಿ?”

“ರೇಡಿಯೋ ಇದೆ.”

“ರೇಡಿಯೋ ನಿಮ್ಮನೇಲೂ ಇದೆ. ನಿಮ್ಮನೆ ಹೆಸ್ರು ಬರೀಲಿಲ್ವಲ್ಲ.”

“ಮೇಕೆ ಇದೆ. ಎರಡು.”

“ಬಿ.ಎ. ಓದೋ ಹುಡ್ಗೀರಿಗೆ ಮೇಕೆ ಯಾಕ್ರೀ?”

ಪೀರ್ ಸಾಬ್ ಟೈಲರ್ ಎನ್ನುವುದು ಕೊನೆಗೆ ಯಾರಿಗೋ ಹೊಳೆಯಿತು. ಹೆಣ್ಣುಮಕ್ಕಳು, ಟೈಲರ್, ಎರಡು. ಹೊಲಿಗೆ ಯಂತ್ರ. ಎಲ್ಲರಿಗೂ ಹಗುರವಾಯಿತು. ‘ವಿದ್ಯಾರ್ಥಿನಿಯರ ಒಕ್ಕೊರಲಿನ ಬೇಡಿಕೆಯ ಮೇರೆಗೆ ಎರಡು ಹೊಲಿಗೆ ಯಂತ್ರಗಳನ್ನು ಕೊಡಿಸುವುದೆಂದು ತೀರ್ಮಾನಿಸಲಾಯಿತು’ ಎಂದು ಶ್ರೀರಂಗಯ್ಯ ನಡಾವಳಿ ಪುಸ್ತಕದಲ್ಲಿ ಬರೆದರು. ಬರೆಯುವಾಗ ಅವರ ಕೈ ಒಂದು ಸಲ ನಿಂತಿತು.

ಯಾಕೆಂದರೆ ಆ ಮನೆಯ ವಿಷಯ ಅವರಿಗೆ ಗೊತ್ತಿತ್ತು, ಅಥವಾ ಗೊತ್ತಿರಲಿಲ್ಲ. ಪೀರ್ ಸಾಬರ ಮನೆ ಮಂಡಿಯಿಂದ ನಾಲ್ಕು ಬಾಗಿಲಿನಾಚೆ, ಎದುರು ಸಾಲಿನಲ್ಲಿತ್ತು. ಮುಂದೆ ಹೊಲಿಗೆ ಅಂಗಡಿ, ಪಕ್ಕದಲ್ಲಿ ತಮ್ಮನ ಮಗ ಗಯಾಜನ ಮೋಟಾರ್ ರಿಪೇರಿ. ಕಾಲೇಜಿನ ಹುಡುಗಿಯರು ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಆ ಮನೆಗೆ ಹೋಗುವುದನ್ನು ಅವರು ಒಂದು ತಿಂಗಳಿನಿಂದ ಕಂಡಿದ್ದರು. ಬಟ್ಟೆಯ ಗಂಟು ಒಯ್ಯುತ್ತಿರಲಿಲ್ಲ. ಹೊಲಿದ ಬಟ್ಟೆ ತರುತ್ತಿರಲಿಲ್ಲ. ಐದು ನಿಮಿಷಕ್ಕೆಲ್ಲ ಈಚೆ ಬರುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಹೋಗುತ್ತಿದ್ದವಳು ಹುಚ್ಚಣ್ಣನ ಮಗಳು ಹೊಂಬಾಳಮ್ಮ, ದಿನಕ್ಕೆ ಎರಡು ಸಲ. ಗಯಾಜನಿಗೆ ಇನ್ನೂ ಮದುವೆಯಾಗಿರಲಿಲ್ಲ. ಹೊಲಿಗೆಗೆ ಹೋಗುತ್ತಿರಬೇಕೆಂದು ಇಷ್ಟು ದಿನ ಬಿಟ್ಟಿದ್ದ ಇದನ್ನು ಈ ಶನಿವಾರ ಹುಚ್ಚಣ್ಣನಿಗೆ ಹೇಳಬೇಕೆಂದು ಅವರು ತೆಗೆದಿಟ್ಟುಕೊಂಡಿದ್ದರು. ಹೇಳಿದರೆ ಅವತ್ತೇ ಅವಳ ಓದು ಮುಗಿಯುತ್ತಿತ್ತು. ಹೇಳದಿದ್ದರೆ ಕೊಟ್ಟ ಮಾತು ಮುಗಿಯುತ್ತಿತ್ತು.

ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿ ಮೀನಾಕ್ಷಮ್ಮನನ್ನು ಕೇಳಿದರು. “ಪೀರ್ ಸಾಬರ ಮನೇಲಿ ಏನೇ ಇದೆ?”

ಮೀನಾಕ್ಷಮ್ಮ ಸಾರಿನ ಸೌಟನ್ನು ಅರ್ಧಕ್ಕೇ ನಿಲ್ಲಿಸಿ ಗಂಡನನ್ನು ನೋಡಿದಳು. “ಯಾಕೆ?”

“ಹುಡ್ಗೀರೆಲ್ಲ ಹೋಗ್ತಾರಲ್ಲ.”

“ಹೋಗ್ತಾರೆ. ಬರ್ತಾರೆ. ನಿಮಗ್ಯಾಕೆ ಅದು?”

“ನಿಂಗೊತ್ತಾ?”

“ಊರಲ್ಲಿ ಸೀರೆ ಉಡೋರಿಗೆಲ್ಲ ಗೊತ್ತು. ನಿಮಗೆ ಹೇಳಿದ್ರೆ ಬುಧವಾರದೊಳಗೆ ಎಂಟು ಹೋಬಳಿಗೆ ಗೊತ್ತಾಗುತ್ತೆ. ಅನ್ನ ಹಾಕಿಸ್ಕೊಳ್ಳಿ.”

ಅವರು ಅನ್ನ ಹಾಕಿಸಿಕೊಂಡರು. ಊರಿನ ಅರ್ಧ ಜನಕ್ಕೆ ಗೊತ್ತಿರುವ ಸಂಗತಿಯೊಂದು ತಮಗೆ ಗೊತ್ತಿಲ್ಲವೆಂಬುದು ಅವರಿಗೆ ಹನ್ನೊಂದು ಚೀಟಿಗಿಂತ ಹೆಚ್ಚು ಚುಚ್ಚಿತು.

ಶುಕ್ರವಾರ ಬೆಳಿಗ್ಗೆ ಅವರು ಮೇಜನ್ನು ತಿರುಗಿಸಿ, ರಸ್ತೆಗೆ ಬೆನ್ನು ಹಾಕಿ ಕೂತರು. ನೋಡದಿದ್ದರೆ ಹೇಳುವ ಪ್ರಶ್ನೆಯೇ ಇಲ್ಲ ಎಂಬ ಲೆಕ್ಕ. ಹಾಗೆ ಕೂತ ಮೇಲೆ ಚಪ್ಪಲಿಯ ಸದ್ದು ಕೇಳಿಸತೊಡಗಿತು. ಹಿಮ್ಮಡಿ ಎಳೆಯುವವನು ದಂಡಿನಶಿವರದವನು. ಓಡುತ್ತ ಬರುವವರು ಬಸ್ಸು ತಡವಾದ ಹುಳಿಯಾರಿನವರು. ಮೊದಲಿಗಿಂತ ಹೆಚ್ಚು ಗೊತ್ತಾಗತೊಡಗಿತು. ಹನ್ನೊಂದರ ಹೊತ್ತಿಗೆ ಹಗುರವಾದ ಒಂದು ಜೊತೆ ಹೆಜ್ಜೆ ಪೀರ್ ಸಾಬರ ಮನೆಯ ಕಡೆ ಹೋಗಿ, ಐದು ನಿಮಿಷಕ್ಕೆ ವಾಪಸು ಬಂದು, ಮಂಡಿಯ ಬಾಗಿಲಲ್ಲಿ ನಿಂತವು.

ಹೊಂಬಾಳಮ್ಮ ಪುಸ್ತಕಗಳನ್ನು ಎದೆಗೆ ಒತ್ತಿಕೊಂಡಿದ್ದಳು. “ಗುಮಾಸ್ತ್ರೇ, ನಾಳೆ ನಮ್ಮಪ್ಪ ಬತ್ತಾನೆ.”

“ಬರ್ಲಮ್ಮ.”

“ಏನ್ ಹೇಳ್ತೀರಿ?”

“ನಾನು ಕಂಡದ್ದು ಹೇಳ್ತೀನಮ್ಮ. ಯಾವತ್ತೂ ಅಷ್ಟೇ.”

“ನೀವ್ ಏನ್ ಕಂಡಿದ್ದೀರಿ?”

ಉತ್ತರ ಹೇಳಲು ಹೋದರೆ, ಕಂಡದ್ದು ಒಂದು ಬಾಗಿಲು ಮಾತ್ರ ಎಂದು ಅವರಿಗೆ ಗೊತ್ತಾಯಿತು. ದನಿ ತಗ್ಗಿಸಿ ಕೇಳಿದರು: “ಆ ಮನೇಲಿ ಏನಿದೆಯಮ್ಮ? ನೀನು ಹೇಳಿಬಿಟ್ರೆ ನಂಗೂ ಹಗುರ ಆಗುತ್ತೆ.”

ಹುಡುಗಿಯ ಮುಖ ಕಿವಿಯವರೆಗೆ ಕೆಂಪಾಯಿತು. “ಅದನ್ನ ನಿಮಗೆ ಹೆಂಗೇಳ್ಲಿ” ಎಂದು, ಸ್ವಲ್ಪ ತಡೆದು, “ನಂಗೆ ಓದ್ಬೇಕು ಗುಮಾಸ್ತ್ರೇ. ಅಷ್ಟೇಯ” ಎಂದು ಹೊರಟುಹೋದಳು.

ಹೇಳಲಾಗದಂಥದ್ದು ಎಂದ ಮೇಲೆ ಅದು ಕೆಟ್ಟದ್ದೇ ಇರಬೇಕು. ಹಾಗಾದರೆ ಒಂಬತ್ತು ಜನ ಅದನ್ನು ಬರೆದು, ಇನ್ನೆರಡು ಬೇಕೆಂದು ಕೇಳುವುದೇನು? ಕೆಟ್ಟದ್ದಕ್ಕೆ ಯಾರಾದರೂ ಅರ್ಜಿ ಹಾಕುತ್ತಾರೆಯೇ? ಶ್ರೀರಂಗಯ್ಯ ಆ ದಿನ ಎರಡು ರಾಶಿಯ ತೂಕವನ್ನು ಅದಲುಬದಲು ಬರೆದರು.

ಶನಿವಾರದ ಹೊತ್ತಿಗೆ ಅವರೊಂದು ನಿರ್ಧಾರಕ್ಕೆ ಬಂದಿದ್ದರು. ಹೇಳುವುದೂ ಬೇಡ, ಸುಳ್ಳೂ ಬೇಡ. ಸುಮ್ಮನಿದ್ದುಬಿಡುವುದು.

ಹುಚ್ಚಣ್ಣ ಏಳು ಮೂಟೆ ಇಳಿಸಿ ಬಂದು ಕೂತ. “ನಮ್ಮುಡ್ಗಿ ಹೆಂಗವ್ಳೆ ಸ್ವಾಮಿ?”

ಶ್ರೀರಂಗಯ್ಯ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದರು. “ಏಳು ಮೂಟೆಯೇನಪ್ಪ? ಕೊಬ್ಬರಿ ಚೆನ್ನಾಗಿ ಒಣಗಿದೆ.”

“ಅದಿರ್ಲಿ. ಹುಡ್ಗಿ?”

“ಈ ಸಲ ಧಾರಣೆ ಒಂದು ಚೂರು ಮೇಲೆ ಹೋಗಬಹುದು ಅಂತಾರೆ.”

ಹುಚ್ಚಣ್ಣನ ಕೈ ಟವೆಲ್ಲಿನ ಮೇಲೆ ನಿಂತುಬಿಟ್ಟಿತು. ಒಂದು ವರ್ಷದಿಂದ ಪ್ರತಿ ಶನಿವಾರ, ಮಗಳು ಯಾವ ಬಣ್ಣದ ಲಂಗ ಉಟ್ಟಿದ್ದಳೆಂಬುದನ್ನೂ ಬಿಡದೆ ಹೇಳುತ್ತಿದ್ದ ಮನುಷ್ಯ ಇವತ್ತು ಕೊಬ್ಬರಿಯ ಮಾತಾಡುತ್ತಿದ್ದಾನೆ. ಯಾವ ಸುದ್ದಿಯೂ ಹುಚ್ಚಣ್ಣನನ್ನು ಅಷ್ಟು ಹೆದರಿಸುತ್ತಿರಲಿಲ್ಲ.

“ಬದುಕವ್ಳಾ?”

“ಅಯ್ಯೋ, ಬಿಡ್ತು ಅನ್ನು. ಬೆಳಿಗ್ಗೆ ತಾನೇ ಕಾಲೇಜಿಗೆ ಹೋದ್ಲು.”

“ಮತ್ ಯಾಕ್ ಬಾಯ್ ಕಟ್ಕೊಂಡ್ ಕುಂತಿದ್ದೀರಿ? ಯಾರ್ ಜೊತೆ? ಎಲ್ಲಿ? ಹೇಳ್ಬುಡಿ. ಇವತ್ತೇ ಕರ್ಕೊಂಡೋಗ್ತೀನಿ, ಮೂಟೆ ಇಲ್ಲೇ ಬಿದ್ದಿರ್ಲಿ.”

ಹೇಳಿದರೆ ಏನಾಗುತ್ತದೆ ಎಂದು ಹೆದರಿದ್ದರೋ ಹೇಳದೆಯೂ ಅದೇ ಆಗುತ್ತಿತ್ತು. ಶ್ರೀರಂಗಯ್ಯನವರಿಗೆ ಇದು ಯಾವ ನ್ಯಾಯವೆಂದು ಅರ್ಥವಾಗಲಿಲ್ಲ. ಬೇರೆ ದಾರಿ ಕಾಣದೆ, ಪೀರ್ ಸಾಬರ ಮನೆ, ದಿನಕ್ಕೆ ಎರಡು ಸಲ, ಐದು ನಿಮಿಷ ಎಂದು ಒಂದೇ ಉಸಿರಿನಲ್ಲಿ ಹೇಳಿ, “ಆದ್ರೆ ಒಳಗೆ ಏನಂತ ನಂಗೊತ್ತಿಲ್ಲ ಕಣಪ್ಪ, ಆಣೆಗೂ ಗೊತ್ತಿಲ್ಲ” ಎಂದರು. ಕೊನೆಯ ಮಾತು ಹೇಳುವಾಗ ಹುಚ್ಚಣ್ಣ ಆಗಲೇ ರಸ್ತೆ ದಾಟುತ್ತಿದ್ದ. ಅವರು ಹಿಂದೆ ಓಡಿದರು.

ಪೀರ್ ಸಾಬ್ ಮಿಷನ್ನಿನಿಂದ ತಲೆಯೆತ್ತಿ ಇಬ್ಬರನ್ನೂ ನೋಡಿ, ಒಳಗಿನ ಬಾಗಿಲಿನ ಕಡೆ ಕೂಗಿದರು. ಹೆಂಡತಿ ಖುರ್ಷಿದ್ ಬೇಗಂ ಸೆರಗು ತಲೆಗೆ ಎಳೆದುಕೊಂಡು ಬಂದು ಹೊಸ್ತಿಲಲ್ಲಿ ನಿಂತರು.

“ನನ್ ಮಗ್ಳು ಇಲ್ಲಿಗ್ ಬತ್ತಾಳಂತೆ” ಎಂದ ಹುಚ್ಚಣ್ಣ. “ಯಾತಕ್ಕೆ ಬತ್ತಾಳೆ?”

ಆಕೆ ಅವನನ್ನು ಮೇಲಿನಿಂದ ಕೆಳಗೆ ನೋಡಿದರು. “ಕೆಂಕೆರೆ ಅಪ್ಪ ನೀವೇನಾ? ನೋಡ್ಬೇಕಾ ಯಾತಕ್ಕೆ ಅಂತ? ಬನ್ನಿ, ಹಿಂದ್ಗಡೆ ಬನ್ನಿ. ಗುಮಾಸ್ತ್ರೇ, ನೀವೂ ಬನ್ನಿ. ನೀವು ನೋಡಿದ್ರೆ ಊರೇ ನೋಡಿದ ಹಾಗೆ.”

ಹಿತ್ತಿಲಿನಲ್ಲಿ ಎರಡು ಮೇಕೆಗಳಿದ್ದವು. ಅವುಗಳಾಚೆ, ಗೋಡೆಗೆ ಸೇರಿದ ಹಾಗೆ, ಸುಣ್ಣ ಬಳಿದ ಚಿಕ್ಕ ಕೋಣೆ, ತಗಡಿನ ಬಾಗಿಲು. ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಹೊಸ ಚಿಲುಕ. ಹೊರಗೆ ನೀರು ತುಂಬಿದ ಡ್ರಮ್ಮು, ತಂಬಿಗೆ. ತಿಪಟೂರಿನ ಮಾರುಕಟ್ಟೆಯಲ್ಲಿ ಹೆಸರಾದ ಇಬ್ಬರು ಮನುಷ್ಯರು ಒಂದು ಕಕ್ಕಸಿನ ಮುಂದೆ ನಿಂತು, ಅದನ್ನು ನೋಡಬೇಕೋ ಬೇಡವೋ ತಿಳಿಯದೆ, ಮೇಕೆಗಳನ್ನು ನೋಡಿದರು.

“ಇಷ್ಟೇ” ಎಂದರು ಖುರ್ಷಿದ್ ಬೇಗಂ. “ಹೋದ್ ತಿಂಗ್ಳು ನಿಮ್ ಹುಡ್ಗಿ ನಮ್ ಬಾಗ್ಲಲ್ಲಿ ತಲೆ ತಿರ್ಗಿ ಬಿತ್ತು. ನೀರ್ ಕೊಟ್ಟೆ, ಕುಡೀಲಿಲ್ಲ. ಕುಡೀಲೇಬೇಕು ಅಂದ್ರೆ ಅಳುತ್ತೆ. ಕುಡಿದ್ರೆ ಹೋಗ್ಬೇಕಾಯ್ತದೆ ಅಂತ. ಬೆಳಿಗ್ಗೆ ರಂಗಕ್ಕನ ಮನೆ ಬಿಟ್ಟಿದ್ದು, ಸಾಯಂಕಾಲ ಐದರ ತನಕ ಒಂದು ತೊಟ್ಟು ಇಲ್ಲ. ಒಂಬತ್ತು ಹುಡ್ಗೀರೂ ಹಂಗೇಯ. ಎಲ್ರನ್ನೂ ಕಳ್ಸು ಅಂದೆ.”

“ಕಾಲೇಜ್ನಾಗೆ ಇಲ್ವಾ?” ಎಂದ ಹುಚ್ಚಣ್ಣ.

“ಗೋಡೆ ಇದೆ. ಗಂಡುಡುಗ್ರಿಗೆ ಸಾಕು.”

ಹುಚ್ಚಣ್ಣ ನೀರಿನ ಡ್ರಮ್ಮನ್ನು ನೋಡಿದ. ಆಮೇಲೆ ಯಾರಿಗೆಂದಿಲ್ಲದೆ, “ರಜಕ್ಕೆ ಮನೆಗ್ ಬಂದ್ರೆ ಬಾಗ್ಲಲ್ಲೇ ಎರಡು ಚೊಂಬು ಕುಡೀತಿದ್ಲು. ಬಸ್ನಾಗೆ ಬಿಸ್ಲು ಅಂದ್ಕಂಡಿದ್ದೆ” ಎಂದ. ಅನಂತರ ಶ್ರೀರಂಗಯ್ಯನವರ ಕಡೆ ತಿರುಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿಯದವನ ಹಾಗೆ ಕೇಳಿದ: “ಒಂದ್ ವರ್ಸದಿಂದ ಎಲ್ಲಾ ಹೇಳಿದ್ರಿ. ಇದೊಂದ್ ಯಾಕ್ ಹೇಳ್ಲಿಲ್ಲ ಸ್ವಾಮಿ?”

ಗಮನವಿಟ್ಟು ನೋಡುವವನಿಗೂ ಕಾಣದೆ ಹೋಗುವುದು ಎಷ್ಟಿದೆ, ಅದನ್ನು ಕಾಣಲು ಎತ್ತ ಮುಖ ಮಾಡಿ ಕೂರಬೇಕು, ಶ್ರೀರಂಗಯ್ಯನವರಿಗೆ ಗೊತ್ತಾಗಲಿಲ್ಲ.

ಮಂಡಿಗೆ ವಾಪಸು ಬಂದಾಗ ಹೊಂಬಾಳಮ್ಮ ಬಾಗಿಲಲ್ಲಿ ನಿಂತಿದ್ದಳು. ಯಾರೋ ಹೇಳಿರಬೇಕು. ಅವಳ ಮುಖ ಬಿಳಿಚಿಕೊಂಡಿತ್ತು. ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಿದರು.

“ಇನ್ನೂ ಕ್ಲಾಸ್ ಐತಾ?” ಎಂದ ಹುಚ್ಚಣ್ಣ.

“ಒಂದೈತೆ.”

“ಹೋಗ್ ಮತ್ತೆ. ಹೊತ್ತಾಯ್ತದೆ.” ಅವಳು ಕದಲದಿದ್ದುದನ್ನು ನೋಡಿ, “ಹೋಗವ್ವ, ಏನಿಲ್ಲ” ಎಂದ. ಆಮೇಲೆ ಮೂಟೆಗಳ ಹತ್ತಿರ ಹೋಗಿ, ಮೊದಲೇ ಬಿಗಿಯಾಗಿದ್ದ ಹುರಿಯನ್ನು ಇನ್ನೊಮ್ಮೆ ಬಿಗಿದ.

ಶ್ರೀರಂಗಯ್ಯ ಮೇಜಿಗೆ ಕೂತು ನಡಾವಳಿ ಪುಸ್ತಕ ತೆರೆದರು. ತೀರ್ಮಾನವಾದದ್ದನ್ನು ಕಾರ್ಯದರ್ಶಿ ಒಬ್ಬನೇ ತಿದ್ದಬಹುದೋ ಇಲ್ಲವೋ ಅವರಿಗೆ ತಿಳಿಯದು. ‘ಹೊಲಿಗೆ ಯಂತ್ರಗಳನ್ನು’ ಎಂಬಲ್ಲಿ ಒಂದು ಗೆರೆ ಎಳೆದರು. ಅದರ ಮೇಲೆ ಬರೆಯಬೇಕಾದ ಪದವನ್ನು ಆ ಪುಸ್ತಕದಲ್ಲಿ ಯಾರೂ ಬರೆದಿರಲಿಲ್ಲ. ಅದಕ್ಕೊಂದು ಗೌರವವಾದ ಸಂಸ್ಕೃತ ಪದವಿತ್ತು, ಆ ಗಳಿಗೆಗೆ ನೆನಪಾಗಲಿಲ್ಲ.

ಟೆಂಡರಿನ ಹೊತ್ತಾಗಿತ್ತು. ಮಂಡಿಯ ತುಂಬ ರೈತರು. ನಂಜುಂಡಪ್ಪ ಗಾದಿಯ ಮೇಲಿನಿಂದ ಕೇಳಿದರು: “ಪೆಟ್ಟಿಗೆ ತೆಗೀಬೇಕು, ಏನ್ರೀ ಅಲ್ಲಿ ಗೀಚ್ತಾ ಕೂತಿದ್ದೀರಿ?”

ಶ್ರೀರಂಗಯ್ಯ ಎದ್ದು ನಿಂತರು. “ಕಕ್ಕಸು” ಎಂದರು, ರೇಟು ಓದುವ ದನಿಯಲ್ಲೇ, ಕೊನೆಯ ಮೂಟೆಯ ಹಿಂದೆ ಕೂತವನಿಗೂ ಕೇಳುವ ಹಾಗೆ. “ಕಾಲೇಜಿನ ಹೆಣ್ಮಕ್ಳಿಗೆ. ಎರಡು. ಒಳಗಡೆಯಿಂದ ಚಿಲುಕ ಇರಬೇಕು.”

ನಂಜುಂಡಪ್ಪ ಗಾದಿಯ ಮೇಲೆ ನೆಟ್ಟಗೆ ಕೂತರು. ಶ್ರೀರಂಗಯ್ಯನವರು, ಮುಂದೆ ಏನು ಮಾಡಬೇಕೆಂದು ಯೋಚಿಸಿರದ ಕಾರಣ, ನಿಂತೇ ಇದ್ದರು. ದಂಡಿನಶಿವರದಿಂದ ಬಂದಿದ್ದ ರೈತನೊಬ್ಬ, ಇದು ಯಾರ ಮನೆಯ ಮಕ್ಕಳ ಸುದ್ದಿಯೆಂದು ಪಕ್ಕದವನನ್ನು ಮೆಲ್ಲಗೆ ಕೇಳಿದ. ಪಕ್ಕದವನು ಗೊತ್ತಿಲ್ಲವೆಂದು ತಲೆಯಾಡಿಸಿದ.